ನೆಟ್ ಇಲ್ಲ ಅಂತ ರೇಗುವ ಮೊದಲು

ನೆಟ್ ನಿಂತ ಕೂಡಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ರೇಗುತ್ತೀರಿ. ಅವರು ‘ಯಾವ ಲೈಟ್ ಕೆಂಪಗಿದೆ?’ ಅಂತ ಕೇಳಿದರೆ ಸುಮ್ಮನಾಗುತ್ತೀರಿ. ಮಾತು ಬಲ್ಲವನಿಗೆ ಜಗಳವಿಲ್ಲ. ನಾಲ್ಕೈದು ಪದ ತಿಳಿದಿಟ್ಟುಕೊಳ್ಳಿ, ಕೆಲಸ ಬೇಗ ಆಗುತ್ತದೆ.

ಮೊದಲು ಪೆಟ್ಟಿಗೆಯ ವಿಷಯ. ಫೈಬರ್ ಕೇಬಲ್ ಬಂದು ಸೇರುವುದು ಓಎನ್‌ಟಿಗೆ. ಅಲ್ಲಿಂದ ಫೋನು, ಲ್ಯಾಪ್‌ಟಾಪು, ಟಿವಿಗಳಿಗೆ ನೆಟ್ ಹಂಚುವುದು ರೌಟರ್. ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ‘ಎಲ್‌ಓಎಸ್’ ದೀಪ ಕೆಂಪಗೆ ಮಿನುಗಿದರೆ ಕೇಬಲ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಕೇಬಲ್ ತುಂಡಾಗಿರಬಹುದು, ಸಡಿಲವಾಗಿರಬಹುದು, ಮಡಚಿರಬಹುದು. ದೂರು ಕೊಡುವಾಗ ಈ ದೀಪದ ಹೆಸರನ್ನೇ ಹೇಳಿ. ಕೇಬಲ್ ಒಳಗಿರುವುದು ಕೂದಲೆಳೆಯಷ್ಟು ತೆಳು ಗಾಜು. ಸೋಫಾ ಕಾಲಿನಡಿ ಸಿಕ್ಕಿಸಬೇಡಿ, ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಬೇಡಿ. ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಒಳಗಿನ ಲೇಸರ್ ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು.

ಇನ್ನು ವೇಗ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ 100 ಎಂಬಿ ಫೈಲು ಒಂದು ಸೆಕೆಂಡಿಗೆ ಇಳಿಯಲಿಲ್ಲ, ಮೋಸ ಅನ್ನಬೇಡಿ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಫೈಲಿನದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತದೆ. ವಿಡಿಯೋ ಕಾಲ್ ತಡವರಿಸಿದರೆ ಪಿಂಗ್ ಕೂಡ ನೋಡಿ. ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ ಅದು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಕಡಿಮೆಯಿದ್ದಷ್ಟೂ ಒಳ್ಳೆಯದು.

ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸಿಟ್ಟು ಸಿಗ್ನಲ್ ಇಲ್ಲ ಅನ್ನುವುದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಮನೆಯ ನಡುವೆ, ಎತ್ತರದಲ್ಲಿಡಿ. ವೈಫೈ ಪಟ್ಟಿಯಲ್ಲಿ ಎರಡು ಹೆಸರು ಕಂಡರೆ ಗಾಬರಿ ಬೇಡ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದು ವೇಗ ಹೆಚ್ಚು, ಹತ್ತಿರಕ್ಕೆ ಮಾತ್ರ. ಹಿಂದಿನ ಕೋಣೆಗೆ ಮೊದಲನೆಯದು, ಹಾಲ್‌ನ ಟಿವಿಗೆ ಎರಡನೆಯದು.

ಕೊನೆಯದಾಗಿ ಪಾಸ್‌ವರ್ಡ್. ಅವು ಎರಡಿವೆ. ವೈಫೈಗೆ ಸೇರಲು ಒಂದು, ರೌಟರ್ ಸೆಟ್ಟಿಂಗ್ ತೆರೆಯಲು ಇನ್ನೊಂದು. ಎರಡನೆಯದನ್ನು ನೀವು ‘ಅಡ್ಮಿನ್’ ಅಂತಲೇ ಬಿಟ್ಟಿರುತ್ತೀರಿ. ಎರಡನ್ನೂ ಬದಲಿಸಿ. ಸೆಕ್ಯುರಿಟಿ ಆಯ್ಕೆಯಲ್ಲಿ ಡಬ್ಲ್ಯುಪಿಎ3, ಇಲ್ಲದಿದ್ದರೆ ಡಬ್ಲ್ಯುಪಿಎ2 ಇರಲಿ. ಹಳೆಯ ಡಬ್ಲ್ಯುಇಪಿ ಬೇಡವೇ ಬೇಡ, ಅದನ್ನು ಸುಲಭವಾಗಿ ಮುರಿಯಬಹುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ಇವತ್ತೇ ಪೆಟ್ಟಿಗೆಯ ಮುಂದೆ ನಿಂತು ದೀಪಗಳ ಹೆಸರು ಓದಿಕೊಳ್ಳಿ, ಮನೆಯ ಹಿರಿಯರಿಗೂ ಮಕ್ಕಳಿಗೂ ತೋರಿಸಿಕೊಡಿ. ನಾಳೆ ಅಂತ ಮುಂದೂಡಬೇಡಿ.