ಊಟ ಬಿಡುತ್ತಿರುವ ಮಗಳಿಗೆ



ನಿನ್ನ ಹೆಸರು ನನಗೆ ಗೊತ್ತಿಲ್ಲ. ಯಾವುದೋ ಹಾಸ್ಟೆಲಿನ ಮೆಸ್ಸಿನಲ್ಲಿ ತಟ್ಟೆಯ ಅನ್ನವನ್ನು ಆಚೀಚೆ ಸರಿಸಿ ಎದ್ದುಬರುವವಳು ನೀನು ಎಂದಷ್ಟೇ ಬಲ್ಲೆ. ಹಸಿವನ್ನು ಗೆದ್ದೆನೆಂಬ ಹೆಮ್ಮೆ ನಿನಗಿರಬಹುದು. ಆ ಹೆಮ್ಮೆಯ ಬಗ್ಗೆಯೇ ನಿನ್ನ ಹತ್ತಿರ ಮಾತಾಡಬೇಕಿದೆ. ಮೊದಲು ಒಂದು ಪ್ರಯೋಗದ ಕಥೆ ಕೇಳು.

1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರುಮಾಡಿದರು. ಯುದ್ಧದಿಂದ ಹಸಿದು ಕಂಗಾಲಾದ ಜನರನ್ನು ಮತ್ತೆ ಚೇತರಿಸುವುದು ಹೇಗೆಂದು ತಿಳಿಯಬೇಕಿತ್ತು. ಬಂದೂಕು ಹಿಡಿಯಲು ಮನಸ್ಸೊಪ್ಪದ 36 ಯುವಕರು ತಾವಾಗಿ ಬಂದರು. ಮೈ, ಮನಸ್ಸು ಎರಡೂ ಗಟ್ಟಿಯಿವೆಯೆಂದು ಪರೀಕ್ಷಿಸಿಯೇ ಅವರನ್ನು ಆರಿಸಿದ್ದರು. ತೆಳ್ಳಗಾಗಲೆಂದು ಬಂದವರಲ್ಲ ಅವರು. 24 ವಾರ ಅರೆಹೊಟ್ಟೆಯಲ್ಲಿ ಇದ್ದರು. ಅಷ್ಟರಲ್ಲಿ ಅಡುಗೆ ಪುಸ್ತಕಗಳಲ್ಲಿ ಮುಳುಗಿದರು, ಊಟದ್ದೇ ಕನಸು ಕಂಡರು, ಕೊಟ್ಟ ತುತ್ತನ್ನು ಗಂಟೆಗಟ್ಟಲೆ ಎಳೆದು ತಿಂದರು. ಯಾವಾಗಲೂ ಚಳಿ, ನಾಡಿ ನಿಧಾನ, ಮಾತಿಗೆ ಮುಂಚೆ ಸಿಡುಕು. ಗೆಳೆಯರು ಬೇಡವಾದರು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಮೇಲೂ ಮನಸ್ಸು ಹದಕ್ಕೆ ಬರಲು ತಿಂಗಳುಗಳೇ ಹಿಡಿದವು.

ಇದರಲ್ಲಿ ನಿನಗೆ ನಿನ್ನದೇ ದಿನಗಳು ಕಾಣುತ್ತಿಲ್ಲವೇ? ಊಟ ಬಿಟ್ಟು ಮೈ ಸೊರಗಿಸುವ ಈ ಕಾಯಿಲೆಗೆ ಅನೊರೆಕ್ಸಿಯಾ ಎನ್ನುತ್ತಾರೆ. ಅದು ಶುರುವಾಗಲು ಕಾರಣ ಹಲವು: ವಂಶದಿಂದ ಬಂದದ್ದು, ಒಳಗಿನ ಆತಂಕ, ಯಾರೋ ಆಡಿದ ಮಾತು. ಆದರೆ ಶುರುವಾದಮೇಲೆ ಹಸಿವೇ ಅದನ್ನು ಸಾಕುತ್ತದೆ. ನೀನು ಸಂಯಮ ಅಂದುಕೊಂಡಿರುವುದರಲ್ಲಿ ಬಹುಪಾಲು ಉಪವಾಸ ಬಿದ್ದ ಮಿದುಳಿನ ಕೆಲಸ. ಅದಕ್ಕೇ ಈ ಕಾಯಿಲೆಗೆ ಊಟವೇ ಮೊದಲ ಔಷಧ.

ಹಾಗೆಂದು ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟುವುದಿಲ್ಲ. ಫಿಜಿ ದ್ವೀಪದ ನದ್ರೋಗ ಪ್ರಾಂತ್ಯದಲ್ಲಿ ಮೈತುಂಬಿದ ಹೆಣ್ಣೇ ಚೆಂದ ಎನ್ನುತ್ತಿದ್ದರು. ಯಾರಾದರೂ ಸೊರಗಿದರೆ ಬಂಧುಬಳಗಕ್ಕೆಲ್ಲ ಚಿಂತೆಯಾಗುತ್ತಿತ್ತು. 1995ರಲ್ಲಿ ಅಲ್ಲಿಗೆ ಟಿ.ವಿ. ಬಂತು. ಮೂರು ವರ್ಷಗಳ ಬಳಿಕ ಆ್ಯನ್ ಬೆಕರ್ ಎಂಬ ಸಂಶೋಧಕಿ ಶಾಲೆಯ ಹುಡುಗಿಯರನ್ನು ವಿಚಾರಿಸಿದಾಗ ನೂರಕ್ಕೆ 74 ಮಂದಿ ತಾವು ದಪ್ಪ ಎನಿಸುತ್ತದೆ ಎಂದರು. ಅವರ ಮೈ ಮೂರೇ ವರ್ಷದಲ್ಲಿ ಕೆಟ್ಟುಹೋಗಿತ್ತೇ? ನೋಡುವ ಕಣ್ಣನ್ನು ಬೇರೆಯವರು ತಿದ್ದಿದ್ದರು. ನಿನ್ನ ಕೈಯಲ್ಲಿರುವ ಫೋನು ಆ ಟಿ.ವಿ.ಗಿಂತ ಹತ್ತಿರದ್ದು, ಬಿಡುವೇ ಕೊಡದ್ದು. ಸಾಲದ್ದಕ್ಕೆ ನಾವು ದೊಡ್ಡವರು ಬೇರೆ. ಮದುವೆ ಮನೆಯಲ್ಲಿ ಸಿಕ್ಕರೆ, ‘ಚೆನ್ನಾಗಿದ್ದೀಯಾ’ ಅನ್ನುವ ಮೊದಲೇ ‘ದಪ್ಪಗಾಗಿದ್ದೀಯಲ್ಲೇ’ ಅನ್ನುತ್ತೇವೆ. ಪ್ರೀತಿಯಿಂದ ಅಂದದ್ದು ಎಂಬುದು ಸಬೂಬಲ್ಲ. ಈ ಮಾತನ್ನು ನಾವು ಬಿಡಲೇಬೇಕು.

ಊಟ ಬಿಡುವ ದಾರಿ ಸಾವಿನವರೆಗೂ ಒಯ್ಯಬಹುದು. ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಜಗತ್ತಿಗೇ ಪರಿಚಿತಳು. ಅನೊರೆಕ್ಸಿಯಾದಿಂದ ಹೃದಯ ಸೋತು 1983ರಲ್ಲಿ ತೀರಿಕೊಂಡಾಗ ಅವಳಿಗೆ 32 ವರ್ಷ. ಮುಟ್ಟು ನಿಲ್ಲುವುದು, ಎಂದೂ ಮುರಿಯಬಾರದ ವಯಸ್ಸಿನಲ್ಲಿ ಮೂಳೆ ಮುರಿಯುವುದು ಇವೆಲ್ಲ ಈ ದಾರಿಯಲ್ಲಿ ಬರುವಂಥವೇ.

ಆದರೆ ಚಿಕಿತ್ಸೆ ಇದೆ, ಪೂರ್ತಿ ಗುಣವಾದವರೂ ಇದ್ದಾರೆ. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ಊಟ ತುಂಬಿದರೂ ಅಪಾಯವಾಗಬಹುದು. ವೈದ್ಯರ ನಿಗಾ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ಹತ್ತಿರದ ಡಾಕ್ಟರಿಂದಲೇ ಶುರುಮಾಡು. ಮುಟ್ಟು ನಿಂತದ್ದನ್ನು, ತಲೆಸುತ್ತು ಬಂದದ್ದನ್ನು ಅವರ ಹತ್ತಿರ ಮುಚ್ಚಿಡಬೇಡ. ಮನೆಯವರಿಗೆ ಹೇಳಲು ಬಾಯಿ ಬರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನಷ್ಟು ತೂಕ ಇಳಿಯಲಿ, ಆಮೇಲೆ ನೋಡೋಣ ಅನ್ನಬೇಡ ಮಗಳೇ, ಇವತ್ತೇ ಮಾಡು.

ಇಂತಿ,
ನಿನ್ನ ದೊಡ್ಡಮ್ಮನ ವಯಸ್ಸಿನವಳು