ಕೈತೋಟದ ಫಸಲು: ಅಡುಗೆ ಮತ್ತು ಸಂರಕ್ಷಣೆ

ಕೈತೋಟದ ಫಸಲು ಮನೆಯ ಅಗತ್ಯವನ್ನು ನೋಡಿಕೊಂಡು ಬರುವುದಿಲ್ಲ. ನಾಲ್ಕು ಕುಂಡಗಳಲ್ಲಿ ನೆಟ್ಟ ಮೆಣಸಿನ ಗಿಡಗಳು ತಿಂಗಳುಗಟ್ಟಲೆ ಸುಮ್ಮನಿದ್ದು ಒಮ್ಮೆಗೇ ಕಾಯಿ ಬಿಡುತ್ತವೆ. ನಿಂಬೆಯ ಗಿಡದಲ್ಲಿ ಹಣ್ಣಾಗತೊಡಗಿದರೆ ಬುಟ್ಟಿ ತುಂಬುತ್ತದೆ. ಟೊಮೇಟೊ ಒಂದೇ ವಾರದಲ್ಲಿ ಕೆಂಪಾಗುತ್ತದೆ. ಮನೆಯವರು ತಿಂದು, ನೆರೆಹೊರೆಗೆ ಹಂಚಿದ ಮೇಲೂ ಉಳಿದದ್ದು ಕೊಳೆತುಹೋಗುತ್ತದೆ. ತಿಂಗಳೊಪ್ಪತ್ತಿನ ಬಳಿಕ ಅದೇ ಪದಾರ್ಥವನ್ನು ಹೆಚ್ಚಿನ ಬೆಲೆ ಕೊಟ್ಟು ಪೇಟೆಯಿಂದ ತರಬೇಕಾಗುತ್ತದೆ.

ಕನ್ನಡ ನಾಡಿನ ಮನೆಗಳಲ್ಲಿ ಇದಕ್ಕೆ ಪರಿಹಾರ ಹಿಂದಿನಿಂದಲೂ ಇದೆ. ಕರಾವಳಿಯ ಉಪ್ಪುಸೊಳೆ, ಮಲೆನಾಡಿನ ಮಾವಿನಮಿಡಿ ಉಪ್ಪಿನಕಾಯಿ, ಹಳೆಯ ಮೈಸೂರು ಭಾಗದ ಬಾಳಕದ ಮೆಣಸಿನಕಾಯಿ ಮತ್ತು ಸಂಡಿಗೆ, ಉತ್ತರ ಕರ್ನಾಟಕದ ಕೆಂಪು ರಂಜಕ ಇವೆಲ್ಲವೂ ಹೆಚ್ಚಾದ ಫಸಲನ್ನು ಕೊರತೆಯ ದಿನಗಳಿಗೆ ಕಾಯ್ದಿಡುವ ಉಪಾಯಗಳೇ. ಆದರೆ ಈ ಪ್ರತಿಯೊಂದು ವಿಧಾನವೂ ಆಯಾ ಊರಿನ ಬಿಸಿಲು, ಗಾಳಿ ಮತ್ತು ತಿಂಗಳಿಗೆ ಹೊಂದಿಕೊಂಡು ಬೆಳೆದುಬಂದುದು. ಮುಂಬಯಿಯ ಮೂರನೆಯ ಮಹಡಿಯ ಮನೆಯಲ್ಲಿಯೋ, ಚೆನ್ನೈನ ಕಡಲ ಗಾಳಿಯಲ್ಲಿಯೋ, ದೆಹಲಿಯ ಚಳಿಯಲ್ಲಿಯೋ ಅದನ್ನು ಹಾಗೆಯೇ ಅನುಸರಿಸಿದರೆ ಬೂಷ್ಟು ಹಿಡಿಯುವ ಸಂಭವ ಉಂಟು. ಆದ್ದರಿಂದ ಮಾಡುವ ಕ್ರಮದೊಂದಿಗೆ ಅದರ ಕಾರಣವನ್ನೂ ತಿಳಿದಿರುವುದು ಅಗತ್ಯ. ಕಾರಣ ತಿಳಿದವರು ಊರು ಬದಲಾದಾಗ ಕ್ರಮವನ್ನು ತಕ್ಕಂತೆ ಬದಲಾಯಿಸಿಕೊಳ್ಳಬಲ್ಲರು.

ಆಹಾರ ಕೆಡುವುದೇಕೆ?

ಕೊಯ್ದ ತರಕಾರಿ ಕೆಡಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಬ್ಯಾಕ್ಟೀರಿಯ, ಯೀಸ್ಟ್ ಮತ್ತು ಬೂಷ್ಟುಗಳೆಂಬ ಸೂಕ್ಷ್ಮಜೀವಿಗಳ ಬೆಳವಣಿಗೆ. ಎರಡನೆಯದು, ತರಕಾರಿಯೊಳಗೇ ಇರುವ ಕಿಣ್ವಗಳ ಕ್ರಿಯೆ. ಸೊಪ್ಪು ಹಳದಿಯಾಗುವುದು, ಹಣ್ಣು ಮೆತ್ತಗಾಗುವುದು, ಕತ್ತರಿಸಿದ ಬದನೆ ಕಪ್ಪಾಗುವುದು ಕಿಣ್ವಗಳಿಂದ.

ಸೂಕ್ಷ್ಮಜೀವಿಗಳಿಗೆ ನೀರು ಬೇಕು, ಹಿತವಾದ ಉಷ್ಣತೆ ಬೇಕು. ಹೆಚ್ಚಿನವುಗಳಿಗೆ ಹುಳಿ ಒಗ್ಗುವುದಿಲ್ಲ. ಸಂರಕ್ಷಣೆಯ ಎಲ್ಲ ವಿಧಾನಗಳೂ ಈ ಅಗತ್ಯಗಳಲ್ಲಿ ಒಂದನ್ನೋ ಎರಡನ್ನೋ ತಪ್ಪಿಸುತ್ತವೆ. ಬಿಸಿಲು ನೀರನ್ನು ಆರಿಸುತ್ತದೆ. ಉಪ್ಪು ಮತ್ತು ಸಕ್ಕರೆ ನೀರನ್ನು ಹಿಡಿದಿಟ್ಟು ಸೂಕ್ಷ್ಮಜೀವಿಗಳಿಗೆ ದೊರೆಯದಂತೆ ಮಾಡುತ್ತವೆ. ನಿಂಬೆ, ಹುಣಸೆ ಮತ್ತು ವಿನೆಗರ್ ಹುಳಿಯನ್ನು ಒದಗಿಸುತ್ತವೆ. ಕಾಯಿಸುವುದರಿಂದ ಬಹುಪಾಲು ಸೂಕ್ಷ್ಮಜೀವಿಗಳು ಸಾಯುತ್ತವೆ. ತಂಪಿನಲ್ಲಿ ಅವುಗಳ ಬೆಳವಣಿಗೆ ನಿಧಾನವಾಗುತ್ತದೆ. ಉಪ್ಪಿನಕಾಯಿಗೆ ಉಪ್ಪನ್ನು ಅಳೆದು ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದು ಕೇವಲ ರುಚಿಗಾಗಿ ಅಲ್ಲ.

ಮೊದಲು ತಾಜಾ ಅಡುಗೆ

ಕೈತೋಟದ ಮುಖ್ಯ ಲಾಭ ತಾಜಾತನ. ಸಂರಕ್ಷಿಸಿದ ಪದಾರ್ಥವು ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಸಿ ಜೀವಸತ್ವ ಕಡಿಮೆಯಾಗಿರುತ್ತದೆ. ಆದ್ದರಿಂದ ಆ ದಿನ ಬಳಸಬಹುದಾದುದನ್ನು ಆ ದಿನವೇ ಬಳಸಿ, ಮಿಕ್ಕಿದ್ದನ್ನು ಮಾತ್ರ ಕಾಯ್ದಿಡುವುದು ಉತ್ತಮ.

ಸೊಪ್ಪನ್ನು ಬಿಸಿಲೇರುವ ಮೊದಲು ಕೊಯ್ಯಬೇಕು. ಹೆಚ್ಚುವ ಮೊದಲೇ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ಜೀವಸತ್ವಗಳು ನೀರಿನೊಂದಿಗೆ ಹೋಗುತ್ತವೆ. ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಬೇಯಿಸಿದ ನೀರನ್ನು ಚೆಲ್ಲಬಾರದು. ಸೊಪ್ಪು ಮತ್ತು ಬೇಳೆ ಬೇಯಿಸಿ ಬಸಿದ ನೀರಿನಿಂದ ಬಸ್ಸಾರು ಮಾಡುವ ನಮ್ಮ ಪದ್ಧತಿಯು ಪೋಷಕಾಂಶಗಳ ದೃಷ್ಟಿಯಿಂದಲೂ ಸರಿಯಾದುದು. ಹೀರೆಕಾಯಿಯ ಸಿಪ್ಪೆಯಿಂದ ಚಟ್ನಿ, ಕುಂಡದಲ್ಲಿ ಬೆಳೆದ ದೊಡ್ಡಪತ್ರೆಯಿಂದ ತಂಬುಳಿ, ಬಲಿತ ದಂಟಿನಿಂದ ಹುಳಿ ಹೀಗೆ ಗಿಡದ ಬಹುಭಾಗ ಅಡುಗೆಗೆ ಒದಗುತ್ತದೆ.

ಒಣಗಿಸುವುದು

ಸೊಪ್ಪಿನ ತೂಕದಲ್ಲಿ ಹತ್ತಕ್ಕೆ ಎಂಟು ಒಂಬತ್ತು ಪಾಲು ನೀರೇ ಇರುತ್ತದೆ. ಮೆಂತ್ಯ, ಕರಿಬೇವು ಮತ್ತು ಪುದೀನ ಸೊಪ್ಪುಗಳನ್ನು ತೊಳೆದು, ನೀರಾರಿಸಿ, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಬೇಕು. ನೇರ ಬಿಸಿಲಿನಲ್ಲಿ ಬಣ್ಣವೂ ಎ ಜೀವಸತ್ವದ ಮೂಲವಾದ ಕ್ಯಾರೋಟಿನ್ ಅಂಶವೂ ಹೆಚ್ಚು ನಷ್ಟವಾಗುತ್ತವೆ. ಚವಳಿಕಾಯಿ, ಹೂಕೋಸು, ಗಜ್ಜರಿ ಮೊದಲಾದವನ್ನು ಕತ್ತರಿಸಿ, ಕುದಿಯುವ ನೀರಿನಲ್ಲಿ 2ರಿಂದ 3 ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ಬಸಿದು ಒಣಗಿಸಬೇಕು. ಹೀಗೆ ಅದ್ದಿ ತೆಗೆಯುವುದರಿಂದ ಕಿಣ್ವಗಳ ಕ್ರಿಯೆ ನಿಂತು ಬಣ್ಣ ಮತ್ತು ರುಚಿ ಉಳಿಯುತ್ತವೆ.

ಬಾಳಕದ ಮೆಣಸಿನಕಾಯಿಗೆ ಅರ್ಧ ಕಿಲೋ ಬಲಿತ ಹಸಿಮೆಣಸಿನಕಾಯಿ, ಅರ್ಧ ಲೀಟರ್ ಗಟ್ಟಿಯಾದ ಹುಳಿ ಮಜ್ಜಿಗೆ ಮತ್ತು 75 ಗ್ರಾಂ ಉಪ್ಪು ಬೇಕು. ಕಾಯಿಗಳನ್ನು ತೊಟ್ಟು ಉಳಿಸಿಕೊಂಡು ಉದ್ದಕ್ಕೆ ಒಂದು ಸೀಳು ಸೀಳಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಯಿಡಬೇಕು. ಬೆಳಿಗ್ಗೆ ತೆಗೆದು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮೂರು ನಾಲ್ಕು ದಿನಗಳಲ್ಲಿ ಮಜ್ಜಿಗೆ ಪೂರ್ತಿಯಾಗಿ ಹೀರಲ್ಪಡುತ್ತದೆ. ಆಮೇಲೆ ಕಾಯಿಗಳನ್ನು ಗರಿಗರಿಯಾಗುವವರೆಗೆ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಬೇಕು.

ಒಣಗಿದ ಪದಾರ್ಥವನ್ನು ಮುರಿದರೆ ಸದ್ದಾಗಿ ತುಂಡಾಗಬೇಕು. ಬಾಗಿದರೆ ಒಳಗೆ ತೇವವಿದೆಯೆಂದು ತಿಳಿಯಬೇಕು. ಬಿಸಿ ಆರುವ ಮೊದಲೇ ಡಬ್ಬಿ ಮುಚ್ಚಿದರೆ ಒಳಗೆ ನೀರಾಡಿ ಬೂಷ್ಟು ಬರುತ್ತದೆ. ಬೂಷ್ಟು ಬಂದ ಮೆಣಸಿನಕಾಯಿ ಅಥವಾ ಕಡಲೆಕಾಯಿಯನ್ನು ಒರೆಸಿ, ಬಿಸಿಲಿಗೆ ಹಾಕಿ ಬಳಸುವುದು ಅಪಾಯಕರ. ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಪಿತ್ತಜನಕಾಂಗಕ್ಕೆ ಹಾನಿಕರ. ಅದು ಸಾಮಾನ್ಯ ಅಡುಗೆಯ ಶಾಖದಿಂದ ನಾಶವಾಗುವುದಿಲ್ಲ.

ಉಪ್ಪು ಮತ್ತು ಹುಳಿ

ಹೊರಗಿಟ್ಟೂ ಬಹುಕಾಲ ಕೆಡದೆ ಇರಬೇಕಾದ ಉಪ್ಪಿನಕಾಯಿಯಲ್ಲಿ ಒಟ್ಟು ತೂಕದ ಶೇಕಡಾ 15ರಿಂದ 20ರಷ್ಟು ಉಪ್ಪು ಇರಬೇಕು. ನಿಂಬೆಕಾಯಿಯ ಉಪ್ಪಿನಕಾಯಿಗೆ ಈ ಅಳತೆಯನ್ನು ಅನುಸರಿಸಬಹುದು:

ನಿಂಬೆಹಣ್ಣು 1 ಕಿಲೋ
ಉಪ್ಪು 200 ಗ್ರಾಂ
ಮೆಣಸಿನಪುಡಿ 100 ಗ್ರಾಂ
ಅರಿಸಿನ 1 ಚಮಚ
ಹುರಿದು ಪುಡಿಮಾಡಿದ ಮೆಂತ್ಯ 2 ಚಮಚ
ಇಂಗು ಸ್ವಲ್ಪ

ಹಣ್ಣುಗಳನ್ನು ತೊಳೆದು, ಬಟ್ಟೆಯಿಂದ ಒರೆಸಿ, ನೀರಿನ ಪಸೆ ಇಲ್ಲದಂತೆ ಆರಲು ಬಿಡಬೇಕು. ಎಂಟು ಹೋಳುಗಳನ್ನಾಗಿ ಮಾಡಿ, ಉಪ್ಪು ಮತ್ತು ಅರಿಸಿನ ಬೆರೆಸಿ, ಒಣಗಿದ ಪಿಂಗಾಣಿ ಭರಣಿಯಲ್ಲಿ ಅಥವಾ ಗಾಜಿನ ಜಾಡಿಯಲ್ಲಿ ತುಂಬಬೇಕು. ದಿನಕ್ಕೊಮ್ಮೆ ಕುಲುಕಬೇಕು. ಸುಮಾರು ಮೂರು ವಾರಗಳಲ್ಲಿ ಸಿಪ್ಪೆ ಮೆತ್ತಗಾದ ಮೇಲೆ ಉಳಿದ ಪುಡಿಗಳನ್ನು ಸೇರಿಸಬೇಕು. ಹೋಳುಗಳು ಯಾವಾಗಲೂ ರಸದಲ್ಲಿ ಮುಳುಗಿರಬೇಕು. ಮೇಲೆ ತೇಲಿ ಗಾಳಿಗೆ ಒಡ್ಡಿಕೊಂಡ ಹೋಳಿನಿಂದಲೇ ಬೂಷ್ಟು ಆರಂಭವಾಗುತ್ತದೆ. ಉಪ್ಪು ಮತ್ತು ಹುಳಿಗಳನ್ನು ತಾಳದ ಅಲ್ಯೂಮಿನಿಯಂ, ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳನ್ನು ಈ ಕೆಲಸಕ್ಕೆ ಉಪಯೋಗಿಸಕೂಡದು.

ಇಲ್ಲಿ ಆರೋಗ್ಯದ ಒಂದು ವಿಚಾರವನ್ನು ಹೇಳಬೇಕಾಗಿದೆ. ವಯಸ್ಕರು ದಿನಕ್ಕೆ ಸೇವಿಸುವ ಉಪ್ಪು ಒಟ್ಟು 5 ಗ್ರಾಂಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲಿನ ಅಳತೆಯ ಉಪ್ಪಿನಕಾಯಿಯನ್ನು 20 ಗ್ರಾಂ ತಿಂದರೆ ಅದರಲ್ಲಿಯೇ ಸುಮಾರು 3 ಗ್ರಾಂ ಉಪ್ಪು ಸೇರುತ್ತದೆ. ರಕ್ತದೊತ್ತಡ ಉಳ್ಳವರಿಗಾಗಿ ಉಪ್ಪು ಕಡಿಮೆ ಹಾಕಿ ಮಾಡಿದರೆ ಅದು ಉಪ್ಪಿನಕಾಯಿಯಾಗಿ ಹೊರಗೆ ನಿಲ್ಲುವುದಿಲ್ಲ. ಅಂಥದನ್ನು ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ಕೆಲವೇ ದಿನಗಳಲ್ಲಿ ಮುಗಿಸಬೇಕು.

ಟೊಮೇಟೊ ಮತ್ತು ಹಣ್ಣುಗಳು

ಟೊಮೇಟೊ ಹುಳಿಯೆಂದು ತೋರಿದರೂ ತಳಿ ಮತ್ತು ಪಕ್ವತೆಗೆ ತಕ್ಕಂತೆ ಅದರ ಆಮ್ಲತೆ ವ್ಯತ್ಯಾಸವಾಗುತ್ತದೆ. ಆದ್ದರಿಂದ ಬೇಯಿಸಿ, ಸೋಸಿ, ಅರ್ಧಕ್ಕೆ ಇಂಗಿಸಿದ ಪ್ರತಿ ಲೀಟರ್ ಟೊಮೇಟೊ ರಸಕ್ಕೆ ಅರ್ಧ ಚಹಾ ಚಮಚದಷ್ಟು ಸಿಟ್ರಿಕ್ ಆಮ್ಲವನ್ನು, ಅಂದರೆ ಅಂಗಡಿಗಳಲ್ಲಿ ದೊರೆಯುವ ನಿಂಬೆಹುಳಿ ಪುಡಿಯನ್ನು ತಪ್ಪದೆ ಸೇರಿಸಬೇಕು. ಕುದಿಯುವ ನೀರಿನಲ್ಲಿ 10 ನಿಮಿಷ ಇಟ್ಟು ಶುದ್ಧಮಾಡಿದ ಅರ್ಧ ಲೀಟರ್‌ನ ಗಾಜಿನ ಸೀಸೆಗಳಲ್ಲಿ ಬಿಸಿಯಾಗಿರುವಾಗಲೇ ತುಂಬಿ, ಭದ್ರವಾಗಿ ಕೂರುವ ಮುಚ್ಚಳ ಹಾಕಿ, ಸೀಸೆಗಳು ಮುಳುಗುವಷ್ಟು ಕುದಿಯುವ ನೀರಿನಲ್ಲಿ 40 ನಿಮಿಷ ಇಡಬೇಕು. ಪುಣೆ ಮತ್ತು ಹೈದರಾಬಾದ್ ನಗರಗಳು ಸಮುದ್ರ ಮಟ್ಟದಿಂದ 500 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸ್ವಲ್ಪ ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಅಲ್ಲಿನವರು 5 ನಿಮಿಷ ಹೆಚ್ಚು ಇಡಬೇಕು. ತಕ್ಕ ಸೀಸೆಗಳಿಲ್ಲದವರು ರಸವನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಫ್ರೀಜರ್‌ನಲ್ಲಿಟ್ಟು, ಸಾರಿಗೆ ಬೇಕಾದಷ್ಟೇ ತುಂಡುಗಳನ್ನು ಬಳಸಬಹುದು.

ಪರಂಗಿ, ಸೀಬೆ ಮೊದಲಾದ ಹಣ್ಣುಗಳ ತಿರುಳಿಗೆ ಅದರ ತೂಕದಷ್ಟೇ ಸಕ್ಕರೆ ಸೇರಿಸಿ ಕುದಿಸಿದರೆ ಜಾಮ್ ಆಗುತ್ತದೆ. ಪರಂಗಿಯಲ್ಲಿ ಹುಳಿ ಕಡಿಮೆಯಿರುವುದರಿಂದ ನಿಂಬೆರಸವನ್ನು ಧಾರಾಳವಾಗಿ ಹಾಕಬೇಕು. ಸಿದ್ಧವಾದ ಜಾಮ್‌ನಲ್ಲಿ ಕರಗಿದ ಘನಾಂಶವು ಶೇಕಡಾ 65ಕ್ಕೆ ಕಡಿಮೆಯಿರಬಾರದು. ಮನೆಯಲ್ಲಿ ಇದನ್ನು ಅಳೆಯಲು ಉಪಕರಣವಿಲ್ಲದಿದ್ದರೆ, ಚಮಚದಿಂದ ಜಾರಿಸಿದಾಗ ಧಾರೆಯಾಗಿ ಹರಿಯದೆ ಹಾಳೆಯಂತೆ ಬೀಳುವ ಹದವನ್ನು ನೋಡಬಹುದು.

ಮನೆಯಲ್ಲಿ ಮಾಡಬಾರದ ಸಂರಕ್ಷಣೆ

ಹುರುಳಿಕಾಯಿ, ಬಟಾಣಿ, ಬೆಂಡೆ, ಸೋರೆ, ಸೊಪ್ಪು ಮುಂತಾದವುಗಳಲ್ಲಿ ಹುಳಿಯ ಅಂಶ ತೀರ ಕಡಿಮೆ. ಇವನ್ನು ಬೇಯಿಸಿ, ಸೀಸೆಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಹೊರಗಿಡುವುದು ಅಪಾಯಕರ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿನ ಶಾಖವನ್ನೂ ತಾಳಿಕೊಂಡು, ಗಾಳಿಯಿಲ್ಲದ, ಹುಳಿಯಿಲ್ಲದ ಸೀಸೆಯೊಳಗೆ ಬೆಳೆದು ನರಗಳನ್ನು ನಿಶ್ಚೇಷ್ಟಿತಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ಕೆಟ್ಟ ವಾಸನೆಯಾಗಲಿ ರುಚಿಯಾಗಲಿ ಇಲ್ಲದೆಯೂ ಆಹಾರ ವಿಷಮಯವಾಗಿರಬಹುದು. ಕಾರ್ಖಾನೆಗಳಲ್ಲಿ ಇಂಥ ತರಕಾರಿಯನ್ನು ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ, ನಿಗದಿಯಾದ ಅವಧಿಯವರೆಗೆ ಒಳಪಡಿಸುತ್ತಾರೆ. ಮನೆಯ ಕುಕ್ಕರಿನಲ್ಲಿ ಅಂದಾಜಿನಿಂದ ಇದನ್ನು ಮಾಡಲು ಹೋಗಬಾರದು. ಈ ತರಕಾರಿಗಳನ್ನು ಒಣಗಿಸಬಹುದು, ಫ್ರೀಜರ್‌ನಲ್ಲಿಡಬಹುದು ಅಥವಾ ಸಾಕಷ್ಟು ಉಪ್ಪು ಮತ್ತು ಹುಳಿಯೊಂದಿಗೆ ಉಪ್ಪಿನಕಾಯಿ ಮಾಡಬಹುದು. ಹಸಿ ಬೆಳ್ಳುಳ್ಳಿಯನ್ನು ಬರಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಇದೇ ಕಾರಣದಿಂದ ಸಲ್ಲದು.

ಮುಚ್ಚಳ ಉಬ್ಬಿದ, ತೆರೆದಾಗ ರಸ ಚಿಮ್ಮುವ ಅಥವಾ ನೊರೆಯೇಳುವ ಸೀಸೆಯಲ್ಲಿರುವುದನ್ನು ರುಚಿ ನೋಡದೆ ಎಸೆಯಬೇಕು. ಒಂದು ಸೀಸೆಯ ನಷ್ಟಕ್ಕಿಂತ ಮನೆಯವರ ಜೀವ ದೊಡ್ಡದು.

ಊರಿಗೆ ತಕ್ಕ ಋತು

ಮುಂಬಯಿಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆಯಿರುವುದರಿಂದ ಸಂಡಿಗೆ, ಹಪ್ಪಳ ಮತ್ತು ಬಾಳಕಗಳನ್ನು ಮೇ ಮಧ್ಯದೊಳಗೆ ಮುಗಿಸಬೇಕು. ಚೆನ್ನೈನಲ್ಲಿ ಮುಖ್ಯ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಒಣಗಿಸಲು ಯೋಗ್ಯ. ಈ ಎರಡೂ ನಗರಗಳಲ್ಲಿ ಕಡಲ ಗಾಳಿಯ ತೇವವಿರುವುದರಿಂದ ಸಂಜೆಯಾಗುತ್ತಲೇ ಒಣಗುವ ಪದಾರ್ಥವನ್ನು ಒಳಗೆ ತರಬೇಕು. ದೊಡ್ಡ ಡಬ್ಬಿಯೊಂದರ ಬದಲು ಹಲವು ಚಿಕ್ಕ ಡಬ್ಬಿಗಳಲ್ಲಿ ತುಂಬಿದರೆ ಪದೇ ಪದೇ ತೆರೆದು ತೇವ ಸೇರುವುದು ತಪ್ಪುತ್ತದೆ. ಪುಣೆ ಮತ್ತು ಹೈದರಾಬಾದ್‌ನ ಬೇಸಗೆ ಒಣಹವೆಯದಾದ್ದರಿಂದ ಕೆಲಸ ಸುಲಭ.

ದೆಹಲಿಯಲ್ಲಿ ಗಜ್ಜರಿ, ಹೂಕೋಸು, ಬಟಾಣಿ ಮತ್ತು ಮೆಂತ್ಯ ಚಳಿಗಾಲದ ಬೆಳೆಗಳು. ಆಗ ಬಿಸಿಲು ಮಂದ, ಮಂಜು ಹೆಚ್ಚು. ಅಲ್ಲಿ ಬಟಾಣಿಯನ್ನು ಬಿಸಿನೀರಿನಲ್ಲಿ ಅದ್ದಿ ಫ್ರೀಜರ್‌ನಲ್ಲಿಡುವುದು, ಗಜ್ಜರಿ ಮತ್ತು ಹೂಕೋಸಿನಿಂದ ಸಾಸಿವೆ, ಬೆಲ್ಲ ಮತ್ತು ವಿನೆಗರ್ ಬೆರೆಸಿದ ಉಪ್ಪಿನಕಾಯಿ ಮಾಡುವುದು ಸೂಕ್ತ. ಈ ಉಪ್ಪಿನಕಾಯಿ ಆ ಭಾಗದ ಮನೆಗಳಲ್ಲಿ ರೂಢಿಯಲ್ಲಿದೆ. ಸಂಡಿಗೆಯನ್ನು ಏಪ್ರಿಲ್‌ವರೆಗೆ ಮುಂದೂಡಬೇಕು. ಎಲ್ಲ ನಗರಗಳಲ್ಲಿಯೂ ಒಣಗಲು ಇಟ್ಟ ಪದಾರ್ಥವನ್ನು ರಸ್ತೆಯ ಧೂಳು ಮತ್ತು ನೊಣಗಳಿಂದ ಕಾಪಾಡಲು ತೆಳುವಾದ ಬಿಳಿಯ ಬಟ್ಟೆ ಹೊದಿಸಬೇಕು.

ತರಬೇತಿ ಮತ್ತು ಮಾರಾಟ

1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಆಹಾರ ಸಂಸ್ಕರಣೆಯಲ್ಲಿ ಸಂಶೋಧನೆಯನ್ನೂ ತರಬೇತಿಯನ್ನೂ ನಡೆಸುತ್ತದೆ. ಜಿಲ್ಲೆಗಳಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳು ಹಣ್ಣು ತರಕಾರಿಗಳ ಸಂರಕ್ಷಣೆಯನ್ನು ಮಹಿಳೆಯರಿಗೆ ಕಲಿಸುತ್ತವೆ. ಮನೆಯಲ್ಲಿ ತಯಾರಿಸಿದ್ದನ್ನು ಮಾರಾಟ ಮಾಡಬಯಸುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪರವಾನಗಿ ಪಡೆಯಬೇಕಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಕೊಳೆತ ಭಾಗವನ್ನು ಕತ್ತರಿಸಿ ತೆಗೆದ ಹಣ್ಣು ತರಕಾರಿಯನ್ನು ಸಂರಕ್ಷಣೆಗೆ ಬಳಸಬಾರದು.
2. ಉಪ್ಪು, ಸಕ್ಕರೆ ಮತ್ತು ಹುಳಿಗಳನ್ನು ಅಳೆದೇ ಹಾಕಬೇಕು.
3. ಭರಣಿ, ಚಮಚ ಮತ್ತು ಕೈ ಮೂರೂ ಒಣಗಿರಬೇಕು.
4. ಪ್ರತಿ ಸೀಸೆಯ ಮೇಲೆ ಪದಾರ್ಥದ ಹೆಸರು ಮತ್ತು ತಯಾರಿಸಿದ ದಿನಾಂಕ ಬರೆಯಬೇಕು. ಮೊದಲು ಮಾಡಿದ್ದನ್ನು ಮೊದಲು ಬಳಸಬೇಕು.
5. ಸಂಶಯ ಬಂದುದನ್ನು ಮಕ್ಕಳಿಗಾಗಲಿ ಮನೆಕೆಲಸದವರಿಗಾಗಲಿ ಕೊಡದೆ ಎಸೆಯಬೇಕು.

ಮೊದಲ ವರ್ಷ ಒಂದೆರಡು ಪದಾರ್ಥಗಳನ್ನು ಮಾತ್ರ, ಅದೂ ಅರ್ಧ ಅಥವಾ ಒಂದು ಕಿಲೋ ಪ್ರಮಾಣದಲ್ಲಿ ಮಾಡಿ ನೋಡುವುದು ಒಳ್ಳೆಯದು. ಆ ಊರಿನ ಹವೆಯಲ್ಲಿ ಅದು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಎಷ್ಟು ಗಿಡ ನೆಡಬೇಕು, ಎಷ್ಟು ಭರಣಿ ತುಂಬಬೇಕು ಎಂಬ ಲೆಕ್ಕ ತಾನಾಗಿಯೇ ಸಿಗುತ್ತದೆ.