ಮೈಕ್ ಮುಂದೆ ಒಣಗುವ ಗಂಟಲು
ಮನೆಯಲ್ಲಿ ಸಲೀಸಾಗಿ ಹಾಡುವ ಮಧುಗಿರಿಯ ಯುವ ಗಾಯಕಿಗೆ ವೇದಿಕೆ ಹತ್ತಿದೊಡನೆ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಇದು ಕಲಿಕೆಯ ಕೊರತೆಯಲ್ಲ, ಅಡ್ರಿನಲಿನ್ ಏರಿದಾಗ ಮೈ ತೋರುವ ಲಕ್ಷಣ.

ಅಮೆರಿಕದ ಹೆಸರಾಂತ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ 1967ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಸಾಹಿತ್ಯ ಮರೆತರು. ಆಮೇಲೆ ಸುಮಾರು 27 ವರ್ಷ ಟಿಕೆಟ್ ಇಟ್ಟ ಕಾರ್ಯಕ್ರಮಗಳಿಂದ ದೂರ ಉಳಿದರು. ಅಷ್ಟು ದೊಡ್ಡ ಗಾಯಕಿ! ತಪ್ಪಿಸಿಕೊಂಡಷ್ಟೂ ಅಂಜಿಕೆ ಬಲಿಯುತ್ತದೆ.

ಹಾಗಾಗಿ ಮಧುಗಿರಿಯ ಗಾಯಕಿ ಮೊದಲು ಸೋಬಾನೆ ಹಾಡುವ ಹೆಂಗಸರ ಜೊತೆ ದನಿಗೂಡಿಸಲಿ. ಶಿರಾ, ಕೊರಟಗೆರೆ, ಪಾವಗಡದ ಮದುವೆಮನೆಗಳಿಗೂ ಹೋಗಲಿ. ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುವುದರಿಂದ ಒಂದು ದನಿ ತಪ್ಪಿದರೂ ಹಾಡು ನಿಲ್ಲುವುದಿಲ್ಲ. ನಂತರ ಭಜನೆ, ಆಮೇಲೆ ಒಂಟಿಯಾಗಿ ಒಂದೇ ಹಾಡು.

ವೇದಿಕೆ ಹತ್ತುವ ಮುನ್ನ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಪ್ರೊಪ್ರನೊಲಾಲ್ ಮಾತ್ರೆ ನಡುಕ ತಗ್ಗಿಸುವುದು ನಿಜ. ಆದರೆ ಆಸ್ತಮಾ ಇದ್ದವರಿಗೆ ಅಪಾಯ, ವೈದ್ಯರನ್ನು ಕೇಳದೆ ಯಾರೂ ನುಂಗಬಾರದು.